ಐದು ತಿಂಗಳು ನೆಲ ಮುಟ್ಟದ ಕಾಲು: ಬೆಟಗೇರಿಯ ಒಂದು ಪ್ರಕರಣ

ಸಂಕ್ರಾಂತಿ ಮುಗಿದ ವಾರ ಬೆಟಗೇರಿಯ ಒಂದು ಮನೆಯಿಂದ ಫೋನ್ ಬಂತು. "ಸರ್ರ, ನಮ್ಮ ಮನಿಯವರ ಎಲುಬು ಕೂಡವಲ್ದಂತ್ರೀ. ಮತ್ತ ಆಪರೇಷನ್ ಅಂತಾರ. ಒಮ್ಮೆ ಬಂದು ನೋಡ್ರಿ."

ನಾನು ಗದಗಿನಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಆ ಮನೆಗೆ ಹೊಸಬನಲ್ಲ. ಅಕ್ಟೋಬರ್‌ನಲ್ಲಿ ಎರಡು ಸಲ ಹೋಗಿ ಮೊಣಕಾಲು ಬಗ್ಗಿಸುವ ವ್ಯಾಯಾಮ ಹೇಳಿಕೊಟ್ಟು ಬಂದಿದ್ದೆ. ಆಮೇಲೆ ಅವರು ಕರೆಯಲಿಲ್ಲ, ನಾನೂ ವಿಚಾರಿಸಲಿಲ್ಲ. ಇದನ್ನು ಬರೆಯುವುದಕ್ಕೆ ಅದೂ ಒಂದು ಕಾರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಓಣಿ, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ. ನಾನು ಅವರನ್ನು ಕಾಕಾ ಅಂತಲೇ ಕರೆಯುವುದು, ಇಲ್ಲಿಯೂ ಹಾಗೇ ಇರಲಿ.

ಕಾಕಾಗೆ 47 ವರ್ಷ. ಕೈಮಗ್ಗದ ನೇಕಾರರು. ಮನೆಯ ನಡುಮನೆಯಲ್ಲೇ ಕುಣಿಮಗ್ಗ ಇದೆ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಕೈಯಲ್ಲಿ ಲಾಳಿ ಓಡುತ್ತದೆ, ಕೆಳಗೆ ಕಾಲು ಹಲಗೆ ತುಳಿಯುತ್ತದೆ. ಕೈಮಗ್ಗ ಅಂತ ಹೆಸರಾದರೂ ಎರಡೂ ಕಾಲು ನಡೆಯದೆ ಅದು ನಡೆಯುವುದಿಲ್ಲ.

ಹಿಂದಿನ ಆಗಸ್ಟ್‌ನಲ್ಲಿ ನೂಲು ತರಲು ಬೈಕಿನಲ್ಲಿ ಹುಬ್ಬಳ್ಳಿಗೆ ಹೋಗಿದ್ದರು. ವಾಪಸ್ ಬರುವಾಗ ಅಣ್ಣಿಗೇರಿ ದಾಟಿದ ಮೇಲೆ ಜಿಟಿಜಿಟಿ ಮಳೆ. ಹೊಲದಿಂದ ಬಂದ ಟ್ರ್ಯಾಕ್ಟರ್ ಗಾಲಿಗಳು ರಸ್ತೆ ಮೇಲೆ ಎರೆಮಣ್ಣು ಬಿಟ್ಟು ಹೋಗಿದ್ದವು. ನಮ್ಮ ಕಡೆಯ ಎರೆಮಣ್ಣು ಹಸಿಯಾದರೆ ಹೇಗಿರುತ್ತದೆ ಅಂತ ಗೊತ್ತಲ್ವಾ? ಬೈಕ್ ಜಾರಿ ಎಡಗಾಲಿನ ಮೇಲೆ ಬಿತ್ತು.

ಮೊಣಕಾಲ ಕೆಳಗಿನ ದೊಡ್ಡ ಎಲುಬು, ಅಂದರೆ ಟಿಬಿಯಾ, ನಡುಭಾಗ ಮುಗಿದು ಕೆಳಭಾಗ ಶುರುವಾಗುವ ಕಡೆ ಹೆಚ್ಚುಕಡಿಮೆ ಅಡ್ಡಕ್ಕೆ ಮುರಿದಿತ್ತು. ಪಕ್ಕದ ಸಣ್ಣ ಎಲುಬು ಫಿಬುಲಾ ಕೂಡ ಮುರಿದಿತ್ತು. ಚರ್ಮ ಹರಿದಿರಲಿಲ್ಲ. ಮರುದಿನ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಟಿಬಿಯಾದ ಒಳಗಿನ ಟೊಳ್ಳಿಗೆ ಉದ್ದನೆಯ ರಾಡ್ ಇಳಿಸಿ, ಮೇಲೆ ಎರಡು, ಕೆಳಗೆ ಎರಡು ಸ್ಕ್ರೂ ಬಿಗಿದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಎಲುಬು ನೇರ ಇತ್ತು, ಕಾಲಿನ ಉದ್ದ ಸರಿ ಇತ್ತು. ಆದರೆ ಮುರಿದ ಎರಡು ತುದಿಗಳ ನಡುವೆ ಸುಮಾರು 3 ಮಿ.ಮೀ. ಸಂದು ಉಳಿದಿತ್ತು. ಸ್ಕ್ರೂಗಳು ಬಿಗಿಯಾಗಿದ್ದರಿಂದ ಆ ಸಂದು ತಾನಾಗಿ ಮುಚ್ಚುವಂತಿರಲಿಲ್ಲ.

ಮನೆಗೆ ಕಳಿಸುವಾಗ ಚೀಟಿಯಲ್ಲಿ ಬರೆದಿದ್ದರು: ಆರು ವಾರ ಭಾರ ಹಾಕಬಾರದು. ಆರು ವಾರದ ನಂತರ ತೋರಿಸಲು ಹೋದಾಗ ಬಾಯಿಮಾತಲ್ಲಿ ಹೇಳಿದರು: ಇನ್ನು ಸ್ವಲ್ಪ ಸ್ವಲ್ಪ ಊರಿ. ಈ "ಸ್ವಲ್ಪ" ಅನ್ನುವ ಮಾತಿನ ಹತ್ತಿರ ಮತ್ತೆ ಬರುತ್ತೇನೆ.

ಕೂಡಿಸುವವರು ಯಾರು?

ರಾಡ್ ಹಾಕಿದರೆ ಎಲುಬು ಕೂಡುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ರಾಡ್ ಎಲುಬನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಕೂಡಿಸುವುದು ಜೀವಕೋಶಗಳ ಕೆಲಸ. ಆ ಕೆಲಸ ಬೈಕ್ ಬಿದ್ದ ಗಳಿಗೆಯಲ್ಲೇ ಶುರುವಾಗುತ್ತದೆ.

ಎಲುಬು ಮುರಿದಾಗ ಅದರೊಳಗಿನ ರಕ್ತನಾಳಗಳೂ ಹರಿಯುತ್ತವೆ. ಸಂದಿನಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ನೋಡುವವರಿಗೆ ಅದು ಬರೀ ಬಾವು. ಆದರೆ ಮುಂದಿನ ಎಲ್ಲ ಕೆಲಸಕ್ಕೂ ಆ ಹೆಪ್ಪೇ ಬುನಾದಿ. ಅದರಲ್ಲಿ ಸಿಕ್ಕ ಪ್ಲೇಟ್‌ಲೆಟ್‌ಗಳು ಬೆಳವಣಿಗೆಗೆ ಕರೆ ಕೊಡುವ ಪ್ರೋಟೀನ್‌ಗಳನ್ನು ಬಿಡುತ್ತವೆ. ರಕ್ತದ ಬಿಳಿಕಣಗಳು ಬಂದು ಸತ್ತ ಚೂರುಗಳನ್ನು ತೆಗೆದು ಜಾಗ ಹಸನು ಮಾಡುತ್ತವೆ. ಆಮೇಲೆ ಬರುವವು ಮೂಲಕೋಶಗಳು. ಎಲುಬಿನ ಮೇಲೆ ಒಂದು ತೆಳುವಾದ ಪೊರೆ ಇರುತ್ತದೆ. ಹೆಚ್ಚಿನವು ಅಲ್ಲಿಂದ ಬರುತ್ತವೆ, ಒಳಗಿನ ಮಜ್ಜೆಯಿಂದಲೂ ಕೆಲವು ಬರುತ್ತವೆ.

ಈ ಮೂಲಕೋಶಗಳಿಗೆ ಇನ್ನೂ ಕಸುಬು ಹಿಡಿದಿಲ್ಲ. ಎಲುಬು ಕಟ್ಟುವ ಕೋಶ ಆಗಬಹುದು, ಮೆತ್ತೆಲುಬು ಕಟ್ಟುವ ಕೋಶ ಆಗಬಹುದು, ಕೊಬ್ಬಿನ ಕೋಶವೂ ಆಗಬಹುದು. ಎಲುಬಿನ ಕಸುಬಿಗೆ ಕಳಿಸುವ ಮುಖ್ಯ ಜೀನ್‌ಗೆ ರನ್ಕ್ಸ್2 ಅಂತ ಹೆಸರು. 1997ರಲ್ಲಿ ಈ ಜೀನ್ ತೆಗೆದ ಇಲಿಗಳನ್ನು ನೋಡಿದರು. ಮರಿಗಳಿಗೆ ಅಸ್ಥಿಪಂಜರದ ಆಕಾರ ಇತ್ತು, ಆದರೆ ಎಲ್ಲ ಬರೀ ಮೆತ್ತೆಲುಬು. ಗಟ್ಟಿ ಎಲುಬು ಒಂದೂ ಇರಲಿಲ್ಲ. ಮೆತ್ತೆಲುಬಿನ ಕಡೆಗೆ ಕಳಿಸುವುದು ಬೇರೆ ಜೀನ್, ಸಾಕ್ಸ್9.

ಯಾವ ಕೋಶ ಯಾವ ಕಡೆ ಹೋಗಬೇಕು ಅನ್ನುವುದು ಬಹುಮಟ್ಟಿಗೆ ಆ ಜಾಗದ ಸ್ಥಿತಿಯ ಮೇಲೆ ನಿಂತಿದೆ. ರಕ್ತ ಚೆನ್ನಾಗಿ ಬರುವ, ಅಲುಗಾಟ ಕಡಿಮೆ ಇರುವ ಕಡೆ ಅವು ನೇರವಾಗಿ ಆಸ್ಟಿಯೋಬ್ಲಾಸ್ಟ್ ಆಗುತ್ತವೆ, ಅಂದರೆ ಎಲುಬು ಕಟ್ಟುವ ಕೋಶಗಳು. ರಕ್ತ, ಆಮ್ಲಜನಕ ಕಡಿಮೆ ಇದ್ದು ಅಲುಗಾಟ ಇರುವ ಸಂದಿನ ನಡುವೆ ಮೊದಲು ಮೆತ್ತೆಲುಬು ಕಟ್ಟುತ್ತವೆ. ಕೆಲವು ವಾರಗಳಲ್ಲಿ ಆ ಮೆತ್ತೆಲುಬಿನೊಳಗೆ ರಕ್ತನಾಳ ನುಗ್ಗುತ್ತದೆ, ಕ್ಯಾಲ್ಸಿಯಂ ಕೂರುತ್ತದೆ, ಅದರ ಜಾಗದಲ್ಲಿ ಎಲುಬು ಬರುತ್ತದೆ. ತಾಯಿಯ ಹೊಟ್ಟೆಯಲ್ಲಿ ಕೈಕಾಲಿನ ಎಲುಬು ಬೆಳೆಯುವುದೂ ಹೀಗೇ. ಮುರಿದ ಕಾಲು 47ನೇ ವಯಸ್ಸಿನಲ್ಲಿ ಅದೇ ದಾರಿಯನ್ನು ಮತ್ತೆ ಹಿಡಿಯುತ್ತದೆ. ಎಷ್ಟು ಸಲ ಓದಿದರೂ ನನಗೆ ಇದು ಬೆರಗಿನ ವಿಷಯ.

ಅಲುಗಾಟಕ್ಕೆ ಒಂದು ಅಳತೆ ಇದೆ. ಸಂದಿನಲ್ಲಿ ಹೊಸದಾಗಿ ಹುಟ್ಟಿದ ಮೆತ್ತನೆಯ ಅಂಗಾಂಶ ತನ್ನ ಉದ್ದದಷ್ಟೇ, ಅಂದರೆ ಶೇಕಡಾ 100ರಷ್ಟು ಎಳೆದರೂ ತಡೆಯುತ್ತದೆ. ಮೆತ್ತೆಲುಬು ತಡೆಯುವುದು ಸುಮಾರು ಶೇಕಡಾ 10. ಗಟ್ಟಿ ಎಲುಬು ತಡೆಯುವುದು ಶೇಕಡಾ 2 ಮಾತ್ರ. ಅಲುಗಾಟ ಜಾಸ್ತಿಯಾದರೆ ಎಲುಬು ಹುಟ್ಟುವ ಮೊದಲೇ ಹರಿಯುತ್ತದೆ. ಹಾಗಂತ ಸಂದು ಇಟ್ಟು ಏನೂ ಅಲುಗದಂತೆ ಬಿಗಿದು ಕೂರಿಸಿದರೆ ಕೋಶಗಳಿಗೆ ಕೆಲಸದ ಕರೆಯೇ ಹೋಗುವುದಿಲ್ಲ. ಕಾಕಾನ ಕಾಲಿನಲ್ಲಿ ಆಗಿದ್ದು ಈ ಎರಡನೆಯದು.

ಜನವರಿಯಲ್ಲಿ ಕಂಡದ್ದು

ನಾನು ಹೋದಾಗ ಕಾಕಾ ಕುರ್ಚಿಯಲ್ಲಿ ಕೂತಿದ್ದರು. ಎಡಗಾಲು ಎದುರಿನ ಸ್ಟೂಲಿನ ಮೇಲೆ, ಕೆಳಗೆ ದಿಂಬು. ಮಗ್ಗದ ಮೇಲೆ ಹಳೆ ಸೀರೆ ಹೊದಿಸಿದ್ದರು. ಟೇಪ್ ಹಿಡಿದು ಅಳೆದೆ. ಎಡ ಮೀನಖಂಡ ಬಲಗಡೆಗಿಂತ ಮೂರೂವರೆ ಸೆಂಟಿಮೀಟರ್ ಸಣ್ಣ ಆಗಿತ್ತು. ಪಾದದ ಕೀಲು ಬಿಗಿದುಕೊಂಡಿತ್ತು. ಪಾದದ ಚರ್ಮ ಮಾತ್ರ ಎಳೆಮಕ್ಕಳ ಪಾದದ ಹಾಗೆ ಮೆತ್ತಗೆ, ಬೆಳ್ಳಗೆ. ಅದನ್ನು ನೋಡಿದ ಕೂಡಲೇ ನನಗೆ ವಿಷಯ ಗೊತ್ತಾಯಿತು.

"ಕಾಕಾ, ಕಾಲು ಊರೇ ಇಲ್ಲೇನು?"

"ಇಲ್ರೀ ಸರ್ರ. ಊರಿದ್ರ ರಾಡ್ ಬಗ್ಗತೈತಿ ಅಂದ್ರು ಎಲ್ಲಾರೂ."

"ಯಾರು ಹೇಳಿದ್ರು?"

ಕಾಕಾನ ಹೆಂಡತಿ, ನಾನು ಕಾಕು ಅನ್ನುವುದು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. "ನಾನ ಬ್ಯಾಡ ಅಂದೇನ್ರಿ. ಆಸ್ಪತ್ರ್ಯಾಗ ಸ್ವಲ್ಪ ಊರ್ರಿ ಅಂದ್ರು. ಸ್ವಲ್ಪ ಅಂದ್ರ ಎಷ್ಟಂತ ಯಾರೂ ಹೇಳಲಿಲ್ಲ. ಊರಿ ಮತ್ತ ಮುರ್ಕೊಂಡ್ರ ಮಗ್ಗ ನಡಸೋರು ಯಾರ್ರೀ?"

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗಲಿಲ್ಲ. ಆಸ್ಪತ್ರೆಯವರು ಸ್ವಲ್ಪ ಅಂದರು. ಅಕ್ಟೋಬರ್‌ನಲ್ಲಿ ನಾನೂ ಸ್ವಲ್ಪ ಅಂದೆ. ಹೆದರಿದ ಮನೆಯಲ್ಲಿ ಸ್ವಲ್ಪ ಅಂದರೆ ಸೊನ್ನೆ. ಅದನ್ನು ಆಗಲೇ ಕೇಳಿ ತಿಳಿಯಬೇಕಿದ್ದವನು ನಾನು.

ಎಕ್ಸರೇ ಹಿಡಿದು ನೋಡಿದೆ. ಫಿಬುಲಾ ಪೂರ್ತಿ ಕೂಡಿತ್ತು. ಟಿಬಿಯಾದ ಹಿಂಬದಿಯಲ್ಲಿ ಮೋಡದ ಎಳೆಯ ಹಾಗೆ ಒಂದಿಷ್ಟು ಹೊಸ ಎಲುಬು ಕಂಡಿತು. ಮುಂಬದಿಯಲ್ಲಿ ಸಂದು ಹಾಗೇ ಕಪ್ಪಗೆ ಇತ್ತು. ವಯಸ್ಕರ ಟಿಬಿಯಾ ಸಾಮಾನ್ಯವಾಗಿ ನಾಲ್ಕೈದು ತಿಂಗಳಲ್ಲಿ ಕೂಡುತ್ತದೆ. ಒಂಬತ್ತು ತಿಂಗಳಾದರೂ ಕೂಡದೆ, ಕೊನೆಯ ಮೂರು ತಿಂಗಳಲ್ಲಿ ಏನೂ ಮುಂದುವರಿಯದಿದ್ದರೆ ಮಾತ್ರ ಅದನ್ನು ಕೂಡದ ಎಲುಬು ಅನ್ನುವುದು ವಾಡಿಕೆ. ಕಾಕಾದು ತಡವಾದ ಕೂಡಿಕೆ. ಕೋಶಗಳು ಸತ್ತಿರಲಿಲ್ಲ, ಕೆಲಸ ನಿಧಾನವಾಗಿತ್ತು.

ಭಾರ ಯಾಕೆ ಬೇಕು?

ಎಲುಬಿನ ಕೋಶಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಆಸ್ಟಿಯೋಸೈಟ್‌ಗಳು. ಇವು ಮೊದಲು ಎಲುಬು ಕಟ್ಟುವ ಕೋಶಗಳೇ ಆಗಿದ್ದವು. ತಾವು ಕಟ್ಟಿದ್ದರೊಳಗೇ ಸಿಕ್ಕಿಕೊಂಡು ಅಲ್ಲೇ ಉಳಿದವು. ಸಣ್ಣ ಸಣ್ಣ ಗೂಡುಗಳಲ್ಲಿ ಒಂದೊಂದೇ ಕೂತಿರುತ್ತವೆ. ಕೂದಲಿಗಿಂತ ಸಣ್ಣ ಕಾಲುವೆಗಳಲ್ಲಿ ಕೈ ಚಾಚಿ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಕೆಲವು ಹತ್ತಾರು ವರ್ಷ ಬದುಕುತ್ತವೆ.

ನಾವು ಹೆಜ್ಜೆ ಇಟ್ಟಾಗ ಎಲುಬು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಆ ಕಾಲುವೆಗಳಲ್ಲಿನ ದ್ರವ ಸರಿದಾಡುತ್ತದೆ. ಅದು ಆಸ್ಟಿಯೋಸೈಟ್‌ಗೆ ಗೊತ್ತಾಗುತ್ತದೆ. ಸುಮ್ನೆ ಕೂತಾಗ ಅದು ಸ್ಕ್ಲೆರೋಸ್ಟಿನ್ ಅನ್ನುವ ಪ್ರೋಟೀನ್ ಬಿಡುತ್ತಿರುತ್ತದೆ. ಈ ಪ್ರೋಟೀನ್ ಎಲುಬು ಕಟ್ಟುವ ಕೋಶಗಳಿಗೆ ಬ್ರೇಕ್ ಇದ್ದ ಹಾಗೆ. ಭಾರ ಬಿದ್ದಾಗ ಸ್ಕ್ಲೆರೋಸ್ಟಿನ್ ಕಡಿಮೆಯಾಗುತ್ತದೆ, ಬ್ರೇಕ್ ಸಡಿಲಾಗುತ್ತದೆ, ಕಟ್ಟುವ ಕೆಲಸ ನಡೆಯುತ್ತದೆ. ಈ ಪ್ರೋಟೀನಿನ ಜೀನ್ ಗೊತ್ತಾಗಿದ್ದು 2001ರಲ್ಲಿ. ಅದನ್ನು ತಡೆಯುವ ಔಷಧಿ ಎಲುಬು ಸವೆತಕ್ಕೆ ಅಂತ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಭಾರಕ್ಕೆ ತಕ್ಕಂತೆ ಎಲುಬು ತನ್ನ ಆಕಾರ ಬದಲಿಸುತ್ತದೆ ಅಂತ ಜರ್ಮನಿಯ ಸರ್ಜನ್ ಯೂಲಿಯುಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಬಾಹ್ಯಾಕಾಶದಲ್ಲಿ ತೂಕವೇ ಇಲ್ಲದೆ ಇರುವವರ ಸೊಂಟದ ಎಲುಬಿನ ಸಾಂದ್ರತೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಇಳಿಯುತ್ತದೆ. ಅವರೆಲ್ಲ ಆರೋಗ್ಯವಂತರು, ಚೆನ್ನಾಗಿ ಉಣ್ಣುವವರು. ಇಲ್ಲದ್ದು ಭಾರ ಒಂದೇ.

ಕಾಕಾನ ಎಡಗಾಲು ಬೆಟಗೇರಿಯ ನಡುಮನೆಯಲ್ಲೇ ಐದು ತಿಂಗಳು ಹಾಗೆ ಇತ್ತು.

ಬೇರೆ ಕಾರಣಗಳೂ ಇದ್ದವು, ಅವನ್ನು ಬಿಡುವ ಹಾಗಿಲ್ಲ. ಟಿಬಿಯಾದ ಕೆಳಭಾಗಕ್ಕೆ ಮಾಂಸದ ಹೊದಿಕೆ ಕಡಿಮೆ, ರಕ್ತವೂ ಕಡಿಮೆ. ನಿಮ್ಮ ಕಾಲನ್ನೇ ಮುಟ್ಟಿ ನೋಡಿ, ಮುಂದೆ ಚರ್ಮದ ಕೆಳಗೆ ನೇರ ಎಲುಬೇ ಸಿಗುತ್ತದೆ. ಅದರ ಮೇಲೆ ಕಾಕಾ ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದರು. ಕೆಲಸ ಇಲ್ಲದೆ ಕೂತ ಮೇಲೆ ಇನ್ನೂ ಜಾಸ್ತಿಯಾಗಿತ್ತು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿಯುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಜಾಗಕ್ಕೆ ಇದು ದೊಡ್ಡ ಪೆಟ್ಟು. ವಿಟಮಿನ್ ಡಿ 14 ಇತ್ತು, 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಅನ್ನುತ್ತಾರೆ. ಮಗ್ಗದ ಮುಂದೆ ಬೆಳಿಗ್ಗೆಯಿಂದ ಸಂಜೆತನಕ ಒಳಗೇ ಕೂರುವವರಿಗೆ ಬಿಸಿಲು ಎಲ್ಲಿಂದ ಬರಬೇಕು? ಸಕ್ಕರೆ ಕಾಯಿಲೆ ಇರಲಿಲ್ಲ. ಸೋಂಕಿನ ಪರೀಕ್ಷೆಗಳೂ ಸರಿ ಇದ್ದವು.

ಸರ್ಜನ್ ಇನ್ನೊಂದು ಪ್ರಶ್ನೆ ಕೇಳಿದ್ದು ನನಗೆ ಮೆಚ್ಚಿಕೆಯಾಯಿತು: ಹುಟ್ಟಿದ ಊರು ಯಾವುದು, ಕುಡಿದ ನೀರು ಯಾವುದು? ಕಾಕಾ ಹುಟ್ಟಿ ಬೆಳೆದದ್ದು ಮುಂಡರಗಿ ತಾಲೂಕಿನ ಹಳ್ಳಿಯಲ್ಲಿ. ಆ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಗೊತ್ತಿರುವ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಎಲುಬಿನ ಹರಳುಗಳಲ್ಲಿ ಸೇರಿಕೊಳ್ಳುತ್ತದೆ. ತೀರಾ ಜಾಸ್ತಿಯಾದರೆ ಎಲುಬು ಎಕ್ಸರೇಯಲ್ಲಿ ದಟ್ಟವಾಗಿ, ಬಿಳಿಯಾಗಿ ಕಾಣುತ್ತದೆ, ಆದರೆ ಪೆಡಸಾಗಿರುತ್ತದೆ. ಕಾಕಾನ ಎಲುಬಿನಲ್ಲಿ ಆ ಗುರುತು ಇರಲಿಲ್ಲ.

ಎಲುಬು ಕಟ್ಟುವವರ ಹತ್ತಿರ ಕರೆದುಕೊಂಡು ಹೋಗೋಣ ಅಂತ ಬೀಗರು ಒತ್ತಾಯ ಮಾಡಿದ್ದರು. ಕಾಕು ಒಪ್ಪಿರಲಿಲ್ಲ. ಒಳಗೆ ರಾಡ್ ಇರುವ ಕಾಲಿಗೆ ಬಿಗಿಪಟ್ಟಿ ಕಟ್ಟಿಸಿಕೊಳ್ಳದೆ ಇದ್ದದ್ದು ಒಳ್ಳೆಯದೇ ಆಯಿತು.

ಸ್ಕ್ರೂ ತೆಗೆದದ್ದು

ಎರಡನೇ ಆಪರೇಷನ್ ಅಂದರೆ ರಾಡ್ ಬದಲಿಸಿ, ಸೊಂಟದ ಎಲುಬಿನಿಂದ ಚೂರು ತೆಗೆದು ತುಂಬುತ್ತಾರೆ ಅಂತ ಮನೆಯವರು ತಿಳಿದಿದ್ದರು. ಅದೂ ಒಂದು ದಾರಿ, ಕೆಲವರಿಗೆ ಬೇಕೇ ಬೇಕು. ಇಲ್ಲಿ ಸರ್ಜನ್ ಅದಕ್ಕಿಂತ ಸಣ್ಣ ಕೆಲಸ ಆರಿಸಿದರು. ಈ ರಾಡಿನ ಮೇಲ್ಭಾಗದಲ್ಲಿ ಒಂದು ದುಂಡನೆಯ ತೂತು, ಒಂದು ಉದ್ದನೆಯ ತೂತು ಇರುತ್ತದೆ. ದುಂಡನೆಯ ತೂತಿನ ಸ್ಕ್ರೂ ತೆಗೆದರೆ, ಉದ್ದನೆಯ ತೂತಿನಲ್ಲಿ ಉಳಿದ ಸ್ಕ್ರೂ ಕೆಲವು ಮಿ.ಮೀ. ಜಾರಬಲ್ಲದು. ಕಾಲು ತಿರುಚಿಕೊಳ್ಳುವುದಿಲ್ಲ. ಆದರೆ ಹೆಜ್ಜೆ ಊರಿದಾಗ ಮುರಿದ ತುದಿಗಳು ಒಂದನ್ನೊಂದು ಒತ್ತುತ್ತವೆ. ಫಿಬುಲಾ ಮೊದಲೇ ಕೂಡಿ ಕಂಬದ ಹಾಗೆ ನಿಂತಿತ್ತು, ಟಿಬಿಯಾದ ತುದಿಗಳು ಹತ್ತಿರ ಬರಲು ಅದೇ ಅಡ್ಡಿ. ಅದರಲ್ಲಿ ಒಂದು ಸೆಂಟಿಮೀಟರಿನಷ್ಟು ತುಂಡು ತೆಗೆದರು. ಮರುದಿನವೇ ಮನೆಗೆ ಕಳಿಸಿದರು.

ಕೂಡಿದ ಎಲುಬನ್ನೇ ಕತ್ತರಿಸಿದರು ಅಂತ ಕಾಕು ಅತ್ತರು. ಅವತ್ತು ಸಂಜೆ ಮಗ್ಗದ ಹತ್ತಿರ ಕೂತು ಬಹಳ ಹೊತ್ತು ಮಾತಾಡಿದೆವು.

ಈ ಸಲ ಮನೆಗೆ ಹೋಗುವಾಗ ತೂಕದ ಯಂತ್ರ ತೆಗೆದುಕೊಂಡು ಹೋಗಿದ್ದೆ. ಕಾಕಾನ ತೂಕ 62 ಕೆ.ಜಿ. ಯಂತ್ರದ ಮೇಲೆ ಎಡಗಾಲು, ಅಷ್ಟೇ ಎತ್ತರದ ಹಲಗೆ ಮೇಲೆ ಬಲಗಾಲು, ಕೈಯಲ್ಲಿ ವಾಕರ್. "ಮುಳ್ಳು 15ಕ್ಕೆ ಬರೋತನಕ ಊರ್ರಿ ಕಾಕಾ." ಮುಳ್ಳು 4ರಲ್ಲಿ ನಿಂತಿತು. ಬೆವರು ಇಳಿಯುತ್ತಿತ್ತು. ನೋವು ಇದೆಯಾ ಅಂದರೆ ಇಲ್ಲ ಅಂದರು. ಭಯ ಇದೆಯಾ ಅಂದರೆ ಸುಮ್ಮನಾದರು. ಹತ್ತು ನಿಮಿಷದ ಮೇಲೆ 15 ಮುಟ್ಟಿತು. ಕಾಕು ಬಾಗಿ ಮುಳ್ಳು ನೋಡಿ, "ಹದಿನೈದಂದ್ರ ಇಷ್ಟೇನ್ರೀ?" ಅಂದರು.

ಸರ್ಜನ್ ಪೂರ್ತಿ ಭಾರಕ್ಕೇ ಒಪ್ಪಿಗೆ ಕೊಟ್ಟಿದ್ದರು. ಆದರೆ ಕಾಕಾನ ಧೈರ್ಯಕ್ಕೆ ಮೆಟ್ಟಿಲು ಬೇಕಿತ್ತು. ಮೊದಲ ವಾರ 15, ಎರಡನೇ ವಾರ 30, ಮೂರನೇ ವಾರ 45, ನಾಲ್ಕನೇ ವಾರ ಒಂದೇ ಕೋಲು ಹಿಡಿದು ಪೂರ್ತಿ. ಗೋಡೆಯ ಕ್ಯಾಲೆಂಡರ್ ಮೇಲೆ ಕಾಕು ದಿನಾ ಅಂಕಿ ಬರೆಯುತ್ತಿದ್ದರು. ಇದನ್ನು ಓದಿ ಯಾರೂ ತಮ್ಮ ಮುರಿದ ಕಾಲನ್ನು ತಾವೇ ಊರಬಾರದು. ಎಲ್ಲ ಮುರಿತ ಒಂದೇ ಥರ ಇರುವುದಿಲ್ಲ, ಕೆಲವಕ್ಕೆ ತಿಂಗಳುಗಟ್ಟಲೆ ಭಾರ ಹಾಕಲೇಬಾರದು. ನಿಮ್ಮ ಸರ್ಜನ್ ಹತ್ತಿರ "ಎಷ್ಟು ಕೆ.ಜಿ., ಯಾವತ್ತಿನಿಂದ" ಅಂತ ಕೇಳಿ. ಉತ್ತರ ಅಂಕಿಯಲ್ಲಿ ಬರಲಿ.

ಬೀಡಿ ಒಂದೇ ದಿನಕ್ಕೆ ಬಿಡಲಿಲ್ಲ. ಮೂರು ವಾರ ಹಿಡಿಯಿತು. ಮಗಳು ಮಾತು ಬಿಟ್ಟ ಮೇಲೆ ಬಿಟ್ಟರು. ವಿಟಮಿನ್ ಡಿ ಪುಡಿಯನ್ನು ವಾರಕ್ಕೊಮ್ಮೆ ಹಾಲಿನಲ್ಲಿ ಕುಡಿದರು. ಊಟ ಬದಲಿಸುವ ಅಗತ್ಯ ಅಷ್ಟೇನೂ ಇರಲಿಲ್ಲ. ಜೋಳದ ರೊಟ್ಟಿ, ಕಾಳುಪಲ್ಯ, ಎಳ್ಳಿನ ಹಿಂಡಿ, ಮೊಸರು ಮನೆಯಲ್ಲಿ ದಿನಾ ಇದ್ದವೇ.

ಮೊದಲ ನೇಯ್ಗೆ, ಎರಡನೇ ನೇಯ್ಗೆ

ಮಾರ್ಚ್ ಕೊನೆಯ ಎಕ್ಸರೇಯಲ್ಲಿ ಸಂದು ಮುಚ್ಚಿತ್ತು. ಸುತ್ತಲೂ ಬಿಳಿಯ ಗಂಟು ಕಟ್ಟಿತ್ತು. ಮೇ ತಿಂಗಳಲ್ಲಿ ನಾಲ್ಕು ಬದಿಗಳಲ್ಲಿ ಮೂರು ಬದಿ ಸೇತುವೆಯ ಹಾಗೆ ಕೂಡಿದ್ದವು. ಕೂಡಿದೆ ಅನ್ನಲು ಅಷ್ಟು ಸಾಕು. ಭಾರ, ಬೀಡಿ, ವಿಟಮಿನ್ ಮೂರೂ ಒಟ್ಟಿಗೇ ಬದಲಾಗಿದ್ದವು. ಹಾಗಾಗಿ ಪೂರ್ತಿ ಶ್ರೇಯ ಸ್ಕ್ರೂಗೆ ಕೊಡುವುದು ಸರಿಯಲ್ಲ. ಆದರೆ ಸಂದು ಮುಚ್ಚಿದ್ದು ಹೆಜ್ಜೆ ಊರಿದ್ದರಿಂದಲೇ.

ಜೂನ್‌ನಲ್ಲಿ ಕಾಕಾ ಮಗ್ಗದಲ್ಲಿ ಇಳಿದರು. ಮೊದಲು ದಿನಕ್ಕೆ ಒಂದು ತಾಸು. ನಾನು ಹೋದಾಗ ಎಡಗಾಲು ಹಲಗೆ ತುಳಿಯುತ್ತಿತ್ತು. ಮೀನಖಂಡದ ವ್ಯತ್ಯಾಸ ಒಂದೂವರೆ ಸೆಂಟಿಮೀಟರಿಗೆ ಇಳಿದಿತ್ತು. ಕಾಕಾ ಲಾಳಿ ನಿಲ್ಲಿಸಿ, ಲುಂಗಿ ಸರಿಸಿ, ಎಲುಬಿನ ಮೇಲೆ ಕೈಯಿಟ್ಟು ಕೇಳಿದರು: "ಇಲ್ಲೊಂದು ಗಂಟು ಹತ್ತತೈತಿ ಸರ್ರ. ಇದು ಹಂಗ ಇರೂದೇನ್ರೀ?"

ಆ ಗಂಟು ಮೊದಲ ನೇಯ್ಗೆ ಅಂದೆ. ಹೊಸ ಎಲುಬು ಅವಸರದಲ್ಲಿ ಹುಟ್ಟುತ್ತದೆ. ಅದರ ಕೊಲಾಜೆನ್ ಎಳೆಗಳು ಹಾಸು ಯಾವುದು, ಹೊಕ್ಕು ಯಾವುದು ಅಂತ ಗೊತ್ತಾಗದ ಹಾಗೆ ಅಡ್ಡಾದಿಡ್ಡಿ ಇರುತ್ತವೆ. ಗಟ್ಟಿತನ ಕಡಿಮೆ, ಅದಕ್ಕೇ ದಪ್ಪ ಜಾಸ್ತಿ. ಹರಿದ ಬಟ್ಟೆಗೆ ಗಡಿಬಿಡಿಯಲ್ಲಿ ಹಾಕಿದ ತ್ಯಾಪೆ ಇದ್ದ ಹಾಗೆ. ಆಮೇಲೆ ಆಸ್ಟಿಯೋಕ್ಲಾಸ್ಟ್‌ಗಳು ಬರುತ್ತವೆ. ಇವು ಎಲುಬು ಕರಗಿಸುವ ಕೋಶಗಳು, ರಕ್ತದ ಬಿಳಿಕಣಗಳ ಬಳಗದವು. ಹಲವು ಕೋಶ ಕೂಡಿ ಒಂದು ದೊಡ್ಡ ಕೋಶ ಆಗಿರುತ್ತದೆ. ಎಲುಬಿಗೆ ಅಂಟಿಕೊಂಡು ಆಮ್ಲ ಬಿಟ್ಟು ಕ್ಯಾಲ್ಸಿಯಂ ಕರಗಿಸುತ್ತದೆ, ಒಂದು ಕಿಣ್ವದಿಂದ ಎಳೆಗಳನ್ನು ಬಿಚ್ಚುತ್ತದೆ. ಅದು ಬಿಚ್ಚಿದ ಜಾಗದಲ್ಲಿ ಕಟ್ಟುವ ಕೋಶಗಳು ಬಂದು ಎಳೆಗಳನ್ನು ಭಾರ ಬೀಳುವ ದಿಕ್ಕಿಗೆ ಜೋಡಿಸಿ, ಪದರ ಪದರವಾಗಿ ಮತ್ತೆ ನೇಯುತ್ತವೆ. ಬಿಚ್ಚಲು ಸುಮಾರು ಮೂರು ವಾರ, ಅದೇ ಜಾಗ ತುಂಬಲು ಮೂರು ನಾಲ್ಕು ತಿಂಗಳು. ಮುರಿಯದ ಎಲುಬಿನಲ್ಲೂ ಈ ಕೆಲಸ ನಡೆದೇ ಇರುತ್ತದೆ. ವರ್ಷಕ್ಕೆ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಹೊಸದಾಗುತ್ತದೆ.

ಕಾಕಾ ಗಂಟಿನ ಮೇಲಿಂದ ಕೈ ತೆಗೆಯಲಿಲ್ಲ. "ಅಂದ್ರ ಇದನ್ನ ಬಿಚ್ಚಿ ಮತ್ತ ನೇಯ್ತಾವ?"

"ಹೌದು ಕಾಕಾ. ಒಂದೆರಡು ವರ್ಷ ಹಿಡೀತದ."

"ನೇಯ್ಲಿ ಬಿಡ್ರಿ," ಅಂದು ಮತ್ತೆ ಲಾಳಿ ಹಿಡಿದರು. ಮುಂದಿನ ಎಕ್ಸರೇ ದಸರಾ ಆದ ಮೇಲೆ.